ಮಲೆನಾಡಿನ ಮನೆಗೆ ಯಾವ ಸ್ಪೀಕರ್? ಮಿದುಳು ಪುಕ್ಕಟೆ ತಿದ್ದೋ ತಪ್ಪಿಗೆ ದುಡ್ಡು ಹಾಕ್ಬೇಡಿ

ಜೂನ್ ಬಂತು ಅಂದ್ರೆ ಈ ಪ್ರಶ್ನೆ ಜಾಸ್ತಿ. ತೋಟಕ್ಕೆ ಔಷಧಿ ಹೊಡೆಯೋದೂ ಮಳೆ ಹೊಳವಾದಾಗ ಮಾತ್ರ, ಉಳಿದ ಹೊತ್ತು ಜಗಲಿ ಮೇಲೆ ಕೂತು ಏನಾದ್ರೂ ಕೇಳೋಣ ಅಂದ್ರೆ ಫೋನ್ ಸೌಂಡು ಮಳೆ ಮುಂದೆ ಸೋತೇ ಹೋಗುತ್ತೆ, ಹಂಗಾಗಿ ಬ್ಲೂಟೂತ್ ಸ್ಪೀಕರ್ ತಗೊಳ್ಳೋದಾ, ಒಳ್ಳೆ ಹೆಡ್‌ಫೋನಾ, ಟೀವಿ ಕೆಳಗಿಡೋ ಸೌಂಡ್‌ಬಾರಾ, ಇಲ್ಲ ಆಂಪ್ಲಿಫೈಯರ್ ಜೊತೆ ಎರಡು ಸ್ಪೀಕರ್ ಜೋಡೀನಾ ಅಂತ ತಲೆ ಕೆಡಿಸ್ಕೊಂಡು ಕೇಳ್ತಾರೆ. ಶಿವಮೊಗ್ಗದಲ್ಲಿ ಅಂಗಡಿಗೆ ಹೋದ್ರೆ ಅಲ್ಲಿ ಮಾತೆಲ್ಲ ವ್ಯಾಟ್ಸ್ ಮೇಲೆ. ಡಬ್ಬದ ಮೇಲೆ ದೊಡ್ಡದಾಗಿ ಸಾವಿರಾರು ವ್ಯಾಟ್ ಪಿಎಂಪಿಒ ಅಂತ ಬರ್ದಿರ್ತಾರಲ್ಲ, ಆ ಲೆಕ್ಕಕ್ಕೆ ಯಾವ ಸ್ಟ್ಯಾಂಡರ್ಡೂ ಇಲ್ಲ ಮಾರಾಯ್ರೆ, ಅದನ್ನ ಓದೋದೇ ಬೇಡ. ಆರ್‌ಎಂಎಸ್, ಅಂದ್ರೆ ಒಂದೇ ಸಮ ಕೊಡೋ ಪವರ್, ಎಷ್ಟು ಅಂತ ಕೇಳಿ, ಅಷ್ಟೇ.

ನಾನು ಆರಿಸೋ ರೀತಿ ಬೇರೆ. ಯಾವ ಯಂತ್ರಾನೂ ಹಾಡನ್ನ ಹಾಡಿದ ಹಾಗೇ ಕೊಡಲ್ಲ, ಲಕ್ಷ ರೂಪಾಯಿ ಸೆಟ್ಟೂ ಕೊಡಲ್ಲ. ಬರೋ ಸದ್ದಲ್ಲಿ ತಪ್ಪು ಇದ್ದೇ ಇರುತ್ತೆ, ಕಿವಿಯಿಂದ ಒಳಗೆ ಹೋದ್ಮೇಲೆ ಮಿದುಳು ಅದನ್ನ ತಿದ್ದಿ, ಬಿಟ್ಟು ಹೋಗಿದ್ದನ್ನ ತುಂಬ್ಸಿ, ಬೇಡದ್ದನ್ನ ಪಕ್ಕಕ್ಕಿಟ್ಟು ನಮಗೆ ಹಾಡು ಅಂತ ಕೊಡುತ್ತೆ. ಕೆಲವು ತಪ್ಪನ್ನ ಅದು ಎಷ್ಟು ಚೆನ್ನಾಗಿ ತಿದ್ದುತ್ತೆ ಅಂದ್ರೆ ತಪ್ಪಿತ್ತು ಅನ್ನೋದೇ ಗೊತ್ತಾಗಲ್ಲ. ಇನ್ನು ಕೆಲವು ತಪ್ಪು ಅದರ ಕೈಗೆ ಸಿಗಲ್ಲ, ಅರ್ಧ ಗಂಟೆಗೆ ತಲೆ ಭಾರ ಆಗಿ ಹಾಡು ಆಫ್ ಮಾಡ್ತೀವಿ, ಯಾಕೆ ಅಂತಾನೂ ತಿಳಿಯಲ್ಲ. ದುಡ್ಡು ಹಾಕ್ಬೇಕಾಗಿರೋದು ಈ ಎರಡನೇ ಥರದ ತಪ್ಪು ಕಮ್ಮಿ ಮಾಡಕ್ಕೆ. ಮೊದಲನೇದಕ್ಕೆ ಹಾಕಿದ್ದು ಬಹಳಷ್ಟು ವೇಸ್ಟು.

ಹಂಗಾದ್ರೆ ಯಾವ್ದು ಯಾವ ಕಡೆಗೆ ಬರುತ್ತೆ ಅಂತ ಮೊದ್ಲು ನೋಡೋಣ, ಆಮೇಲೆ ಒಂದೊಂದೇ ಐಟಂ ತಗೊಳ್ಳೋಣ.

ಮಿದುಳು ತಾನೇ ತಿದ್ಕೊಳ್ಳೋದು

ಫೋನಲ್ಲಿ ಒಂದು ತಂಬೂರಿ ರೆಕಾರ್ಡಿಂಗ್ ಹಾಕಿ. ಗಂಡಸರ ಶ್ರುತಿ, ಸಿ ಅಂತ ಇಟ್ಕೊಳ್ಳಿ, ಆಗ ಮಂದ್ರ ಷಡ್ಜದ, ಅಂದ್ರೆ ಕೆಳಗಿನ ಸ-ದ, ತಂತಿ ಸುಮಾರು 65 ಹರ್ಟ್ಜ್, ಸೆಕೆಂಡಿಗೆ 65 ಸಲ ಅದುರುತ್ತೆ ಅಂತ. ಫೋನಿನ ಪುಟಾಣಿ ಸ್ಪೀಕರ್‌ಗೆ 65 ಹರ್ಟ್ಜ್ ಹೊರಡಿಸೋ ತಾಕತ್ತೇ ಇಲ್ಲ, ಕೆಲವು ನೂರು ಹರ್ಟ್ಜ್‌ಗಿಂತ ಕೆಳಗಿಂದು ಅದರಲ್ಲಿ ಬಹುತೇಕ ಇಲ್ಲ ಅಂತಾನೇ ಲೆಕ್ಕ. ಆದ್ರೂ ನಿಮಗೆ ಮಂದ್ರ ಷಡ್ಜ ಮಂದ್ರ ಷಡ್ಜವಾಗೇ ಕೇಳ್ಸುತ್ತೆ, ಮೇಲಿನ ಸ್ವರ ಅಂತ ಯಾವತ್ತೂ ಅನ್ಸಲ್ಲ. ಯಾಕಂದ್ರೆ ಆ ತಂತಿಯಿಂದ 65 ಒಂದೇ ಬರಲ್ಲ, ಅದರ ಎರಡರಷ್ಟು ಮೂರರಷ್ಟು ಅಂತ ಮೇಲಕ್ಕೆ ಸಾಲು ಸಾಲಾಗಿ ಬರುತ್ತೆ, ಫೋನು ಕೆಳಗಿಂದೆಲ್ಲ ನುಂಗಿ 325, 390, 455 ಹಿಂಗೆ ಮೇಲಿನವನ್ನಷ್ಟೇ ಕೊಡುತ್ತೆ, ಎಲ್ಲದರ ಮಧ್ಯೆನೂ 65ರ ಅಂತರ ಇದೆಯಲ್ಲ, ಮಿದುಳು ಓಹೋ ಇದರ ಮೂಲ 65 ಅಂತ ಲೆಕ್ಕ ಹಾಕಿ ಆ ಸ್ವರವನ್ನೇ ಕೇಳಿಸ್ಬಿಡುತ್ತೆ. 1840ರ ದಶಕದಲ್ಲೇ ಜರ್ಮನಿಯ ಆಗಸ್ಟ್ ಸೀಬೆಕ್ ಸೈರನ್ ಇಟ್ಕೊಂಡು ಇದನ್ನ ಗಮನಿಸಿದ್ರು, ಆಗ ಅದರ ಮೇಲೆ ದೊಡ್ಡ ಜಗಳಾನೇ ಆಗಿತ್ತು. ಹಳೇ ಲ್ಯಾಂಡ್‌ಲೈನ್ ಫೋನಲ್ಲೂ ಇದೇ ಕತೆ: ಲೈನಲ್ಲಿ ಹೋಗ್ತಿದ್ದಿದ್ದು ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ, ಗಂಡಸಿನ ದನಿಯ ಮೂಲ ಇರೋದು ನೂರು ನೂರಿಪ್ಪತ್ತರ ಆಸುಪಾಸು, ಆದ್ರೂ ಬೊಂಬಾಯಿಂದ ಮಾತಾಡಿದ ಮಾವನ ದನಿ ಮಾವಂದೇ ಆಗಿತ್ತಲ್ವಾ.

ಮೃದಂಗಕ್ಕೂ ಇದು ಅನ್ವಯ ಆಗುತ್ತೆ ಅನ್ನೋದು ನನಗೆ ಬಹಳ ಇಷ್ಟದ ವಿಷಯ. ಸಾಮಾನ್ಯ ಡ್ರಮ್ಮಿನ ಚರ್ಮ ಬಡಿದ್ರೆ ಬರೋ ಮೇಲಿನ ಸದ್ದುಗಳಿಗೆ ಇಂಥ ಲೆಕ್ಕ ಇರಲ್ಲ, ಅಡ್ಡಾದಿಡ್ಡಿ. ಮೃದಂಗದ ಬಲಗಡೆ ಮಧ್ಯ ಹಚ್ಚೋ ಕರಣೆ ಅದನ್ನ ಸ್ವರದ ಸಾಲಿಗೆ ತಂದು ನಿಲ್ಸುತ್ತೆ ಅಂತ 1920ರಷ್ಟು ಹಿಂದೇನೇ ಸಿ.ವಿ. ರಾಮನ್ ತೋರಿಸಿದ್ರು. ಅದಕ್ಕೇ ಮೃದಂಗದ ಬಲಗಡೆ ಶ್ರುತಿ ಸಣ್ಣ ಸ್ಪೀಕರಲ್ಲೂ ಗೊತ್ತಾಗುತ್ತೆ. ಎಡಗಡೆಯ ತಗ್ಗಿನ ಗುಂ ಸದ್ದು, ಗುಂಕಿ, ಮಾತ್ರ ಅರ್ಧಂಬರ್ಧ, ಅದರ ವಿಷಯ ಆಮೇಲೆ ಬರ್ತೀನಿ.

ಎರಡನೇದು ರೂಮಿನ ಪ್ರತಿಧ್ವನಿ. ಸ್ಪೀಕರಿಂದ ನೇರ ಬರೋ ಸದ್ದಿನ ಹಿಂದೇನೇ ಗೋಡೆಗೆ, ನೆಲಕ್ಕೆ, ಗೋದ್ರೇಜ್ ಬೀರುಗೆ ಬಡಿದು ವಾಪಸ್ ಬರೋ ಸದ್ದು ಕಿವಿಗೆ ಬೀಳುತ್ತೆ. ಸದ್ದು ಒಂದು ಮಿಲಿಸೆಕೆಂಡಿಗೆ ಹೆಚ್ಚುಕಮ್ಮಿ ಒಂದಡಿ ಹೋಗುತ್ತೆ, ಹಂಗಾಗಿ ಮನೆ ರೂಮಲ್ಲಿ ಮೊದ್ಲು ತಿರುಗಿ ಬರೋ ಸದ್ದೆಲ್ಲ ಹತ್ತಿಪ್ಪತ್ತು ಮಿಲಿಸೆಕೆಂಡ್ ಒಳಗೆ. ಹೆಲ್ಮುಟ್ ಹಾಸ್ ಅನ್ನೋರು 1949ರಲ್ಲಿ ತೋರಿಸಿದ ಹಾಗೆ, ಸುಮಾರು 30 ಮಿಲಿಸೆಕೆಂಡ್ ಒಳಗೆ ಬರೋದನ್ನ ಮಿದುಳು ಬೇರೆ ಸದ್ದು ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಮೊದ್ಲು ಬಂದಿದ್ದರ ಜೊತೆ ಸೇರ್ಸಿ ಮೊದ್ಲು ಬಂದ ದಿಕ್ಕಿಂದಾನೇ ಬಂತು ಅಂತ ತೋರ್ಸುತ್ತೆ. ಹಾಲ್ ಗೋಡೆಗೆಲ್ಲ ಫೋಮ್ ಅಂಟ್ಸಿ ಅಂತ ಯೂಟ್ಯೂಬಲ್ಲಿ ಹೇಳೋರ ಮಾತು ಕೇಳಿ ಮೊದಲ ದಿನವೇ ದುಡ್ಡು ಸುರೀಬೇಡಿ. ಖಾಲಿ ಆರ್‌ಸಿಸಿ ಹಾಲಿಗೆ ಒಂದು ಜಮಖಾನ, ದಪ್ಪ ಪರದೆ ಸಾಕು.

ಮೂರನೇದು ಅಭ್ಯಾಸ. ಸ್ಪೀಕರ್ ಸ್ವಲ್ಪ ಮಂಕು ಅಥ್ವಾ ಸ್ವಲ್ಪ ಚೂಪು, ಎಲ್ಲಾ ಕಡೆ ಸಮನಾಗಿ ಹಂಗೇ ಇದ್ರೆ, ಹತ್ತು ನಿಮಿಷ ಕೇಳೋ ಹೊತ್ತಿಗೆ ಅದೇ ಸರಿ ಅನ್ಸಕ್ಕೆ ಶುರುವಾಗುತ್ತೆ. ಕೂಲಿಂಗ್ ಗ್ಲಾಸ್ ಹಾಕಿ ಸ್ವಲ್ಪ ಹೊತ್ತಾದ್ಮೇಲೆ ಗದ್ದೆ ಮತ್ತೆ ಹಸಿರಾಗೇ ಕಾಣುತ್ತಲ್ಲ, ಹಂಗೆ. ಅಂಗಡಿಯವನು 'ಸರ್, ಬರ್ನ್ ಇನ್ ಆಗ್ಬೇಕು, ಒಂದು ವಾರ ಬಿಟ್ರೆ ಸೌಂಡ್ ಸುಧಾರ್ಸುತ್ತೆ' ಅಂತಾನಲ್ಲ, ಬಹಳ ಸಲ ಸುಧಾರ್ಸೋದು ಸ್ಪೀಕರ್ ಅಲ್ಲ, ನೀವು.

ನಾಲ್ಕನೇದು ನಮ್ಮೂರಿಗೆ ಬಹಳ ಮುಖ್ಯ, ಮಳೆ. 1970ರಲ್ಲಿ ಅಮೆರಿಕದ ರಿಚರ್ಡ್ ವಾರೆನ್ ಒಂದು ಪರೀಕ್ಷೆ ಮಾಡಿದ್ರು. ರೆಕಾರ್ಡ್ ಮಾಡಿದ ವಾಕ್ಯದಲ್ಲಿ ಒಂದು ಪದದ ಮಧ್ಯದ ಒಂದು ಸದ್ದನ್ನ ಪೂರ್ತಿ ಕತ್ತರಿಸಿ ಆ ಜಾಗಕ್ಕೆ ಒಂದು ಕೆಮ್ಮನ್ನ ಕೂರಿಸಿದ್ರು. ಕೇಳಿದೋರಿಗೆ ಪದ ಪೂರ್ತಿ ಕೇಳ್ತು, ಕೆಮ್ಮು ಎಲ್ಲಿ ಬಂತು ಅಂತ ಸರಿಯಾಗಿ ಹೇಳಕ್ಕೇ ಆಗ್ಲಿಲ್ಲ. ಅದೇ ಜಾಗವನ್ನ ಕೆಮ್ಮು ಇಲ್ದೆ ಖಾಲಿ ಬಿಟ್ರೆ ಮಾತ್ರ ಇಲ್ಲಿ ಕಟ್ಟಾಗಿದೆ ಅಂತ ತಕ್ಷಣ ಗೊತ್ತಾಯ್ತು. ಅಂದ್ರೆ ಮೇಲೆ ಏನೋ ಗದ್ದಲ ಬಿದ್ದು ಮುಚ್ಚಿದ್ರೆ ಮಿದುಳು ಅಡಿಯಲ್ಲಿ ಹಾಡು ಮುಂದುವರೀತಾ ಇದೆ ಅಂತ ತುಂಬಿಸ್ಕೊಳ್ಳುತ್ತೆ, ಆದ್ರೆ ಖಾಲಿ ಬಿಟ್ರೆ ಇಲ್ಲ. ಜಿಂಕ್ ಶೀಟಿನ ಮೇಲೆ ಮಳೆ ಹುಯ್ಯೋವಾಗ ಗೊತ್ತಿರೋ ಹಾಡು ಒಡೆದ ಹಾಗೆ ಅನ್ಸದೇ ಇರೋದು ಇದಕ್ಕೇ. ಭದ್ರಾವತಿ ಆಕಾಶವಾಣಿ ಗರಗರ ಅಂತಿದ್ರೂ ಕೇಳಕ್ಕಾಗುತ್ತಲ್ಲ, ಅದಕ್ಕೂ ಕಾರಣ ಇದೇ. ಅದೇ ನೆಟ್‌ವರ್ಕ್ ಸಿಗದೆ ಸ್ಟ್ರೀಮಿಂಗ್ ಅರ್ಧ ಸೆಕೆಂಡು ನಿಂತ್ರೆ ಸಿಟ್ಟು ಬರುತ್ತೆ.

ಇನ್ನೂ ಇದೆ, ಎರಡು ಸ್ಪೀಕರ್ ಸಮ ಸದ್ದು ಕೊಟ್ರೆ ಹಾಡೋರು ಮಧ್ಯ ಗಾಳೀಲಿ ಕೂತ ಹಾಗೆ ಕೇಳ್ಸೋದೂ ಮಿದುಳಿನ ಕೈವಾಡಾನೇ, ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದು ಇದನ್ನ ನಂಬಿಕೊಂಡೇ. ಎಂಪಿತ್ರೀ ಕೂಡ ಜೋರು ಸದ್ದಿನ ಪಕ್ಕದ ಮೆಲು ಸದ್ದು ನಮಗೆ ಹೆಂಗೂ ಕೇಳಲ್ಲ ಅಂತ ಅದನ್ನ ಬಿಸಾಕಿ ಫೈಲ್ ಸಣ್ಣ ಮಾಡೋ ವಿದ್ಯೆ. 320 ಕೆಬಿಪಿಎಸ್ ಫೈಲಿಗೂ ಸೀಡಿಗೂ ವ್ಯತ್ಯಾಸ ಹುಡುಕ್ತಾ ಕೂರೋ ಬದ್ಲು ಹಾಡು ಕೇಳಿ.

ಮಿದುಳಿನ ಕೈಗೆ ಸಿಗದೇ ಇರೋದು

ಒಂದು, ಒಡೆಯೋ ಸದ್ದು. ಸಣ್ಣ ಆಂಪ್ಲಿಫೈಯರನ್ನ ಅದರ ಮಿತಿ ದಾಟ್ಸಿದ್ರೆ ಅಲೆಯ ತಲೆ ಚಪ್ಪಟೆಯಾಗಿ ಮೂಲದಲ್ಲಿ ಇಲ್ದೇ ಇರೋ ಹೊಸ ಸದ್ದುಗಳು ಹುಟ್ತವೆ. ಬಿಟ್ಟು ಹೋಗಿದ್ದನ್ನ ತುಂಬೋದು ಮಿದುಳಿಗೆ ಸಲೀಸು, ಹಾಡಿನ ಜೊತೇಲೇ ಅಂಟ್ಕೊಂಡು ಬಂದ ಹೊಸಾದನ್ನ ಬಿಡ್ಸೋದು ಕಷ್ಟ. ಜಾತ್ರೆ ಮೈಕಿನ ಹಾಡು ಕೇಳಿ ತಲೆನೋವು ಬರೋದು ಜೋರಿಗೆ ಮಾತ್ರ ಅಲ್ಲ, ಇದಕ್ಕೂ.

ಎರಡು, ಆಗ್ಲೇ ಹೇಳಿದ ಖಾಲಿ ಕಟ್ಟು.

ಮೂರು, ಸ್ವರ ನಡುಗೋದು. ಟೇಪ್‌ರೆಕಾರ್ಡರ್ ಬೆಲ್ಟ್ ಸಡಿಲ ಆದ್ರೆ ವೀಣೆ ತೇಲಾಡುತ್ತಲ್ಲ, ಅದು. ಪೂರ್ತಿ ಹಾಡು ಒಂದೇ ಸಮ ಸ್ವಲ್ಪ ಮೇಲೋ ಕೆಳಗೋ ಇದ್ರೆ ಹೆಚ್ಚಿನೋರಿಗೆ ಗೊತ್ತೇ ಆಗಲ್ಲ, ಆದ್ರೆ ಆಚೀಚೆ ಅಲ್ಲಾಡಿದ್ರೆ ಸಂಗೀತ ಕಲೀದೇ ಇರೋರಿಗೂ ಗೊತ್ತಾಗುತ್ತೆ.

ನಾಲ್ಕು, ಒಂದೇ ಸ್ವರ ಗುಂಯ್ ಅನ್ನೋದು. ಇದನ್ನ ಸ್ವಲ್ಪ ಬಿಡ್ಸಿ ಹೇಳ್ಬೇಕು, ಯಾಕಂದ್ರೆ ಶಿವಮೊಗ್ಗದ ಹೊಸ ಮನೆಗಳಲ್ಲಿ ಇದೇ ದೊಡ್ಡ ಕಾಟ. ಹತ್ತಡಿ ಉದ್ದದ ರೂಮಲ್ಲಿ ಎದುರುಬದುರು ಗೋಡೆ ಮಧ್ಯೆ 56-57 ಹರ್ಟ್ಜ್ ಹತ್ರ ಸದ್ದು ನಿಂತು ಮೊರೆಯುತ್ತೆ. ರೂಮು ಹತ್ತಕ್ಕೆ ಹತ್ತು ಚೌಕ ಆದ್ರೆ ಎರಡೂ ಕಡೆಯಿಂದ ಅದೇ ಸ್ವರ, ಡಬಲ್. ಮೇಲೆ ಕಾಂಕ್ರೀಟು, ಕೆಳಗೆ ಟೈಲ್ಸು, ತಪ್ಪಿಸ್ಕೊಂಡು ಹೋಗಕ್ಕೆ ದಾರಿ ಇಲ್ಲ. ಅಂಥ ರೂಮಿನ ಮೂಲೇಲಿ ಸಬ್‌ವೂಫರ್, ಅಂದ್ರೆ ಬಾಸು ಅನ್ನೋ ತಗ್ಗಿನ ಸದ್ದಿಗೆ ಅಂತಾನೇ ಇರೋ ಡಬ್ಬ, ಇಟ್ರೆ ಬಾಸಿನ ಎಲ್ಲಾ ಸ್ವರನೂ ಒಂದೇ ಸ್ವರ. ಟೋನು ಎಲ್ಲಾ ಕಡೆ ಸಮನಾಗಿ ವಾಲಿದ್ರೆ ಅಭ್ಯಾಸ ಆಗುತ್ತೆ ಅಂದ್ನಲ್ಲ, ಹಿಂಗೆ ಒಂದೇ ಕಡೆ ಗುಡ್ಡ ಎದ್ದಿದ್ರೆ ಆಗಲ್ಲ, ಆ ಸ್ವರ ಬಂದಾಗೆಲ್ಲ ಚುಚ್ಚುತ್ತೆ. ಹಳೇ ಹೆಂಚಿನ ಮನೇಲಿ ಈ ತೊಂದ್ರೆ ಕಮ್ಮಿ. ಬಾಸು ಹೆಂಚಿನ ಸಂದಿ, ಮರದ ಮುಚ್ಚಿಗೆ, ತೆರೆದ ಜಗಲಿ ಕಡೆಯಿಂದ ಹೊರಗೆ ಸೋರಿ ಹೋಗುತ್ತೆ. ಅಜ್ಜನ ಕಾಲದ ನಡುಮನೆ ಹಾಡು ಕೇಳಕ್ಕೆ ಬಹಳ ಒಳ್ಳೆ ಜಾಗ, ಅದನ್ನ ಕೆಡವಿ ಆರ್‌ಸಿಸಿ ಹಾಕೋ ಮುಂಚೆ ಇದೂ ಒಂದು ಯೋಚ್ನೆ ಇರ್ಲಿ.

ಐದು, ಮೈಗೆ ತಾಗೋ ಬಾಸು. ಮಂದ್ರ ಸ್ವರ ಯಾವ್ದು ಅಂತ ಮಿದುಳು ಹೇಳುತ್ತೆ ನಿಜ, ಆದ್ರೆ ಡೊಳ್ಳು ಕುಣಿತದ ಮುಂದೆ ನಿಂತಾಗ ಎದೆಗೆ ಬಡಿಯುತ್ತಲ್ಲ, ಅದನ್ನ ಫೋನ್ ಸ್ಪೀಕರಿಂದ ಯಾವ ಮಿದುಳೂ ಸೃಷ್ಟಿ ಮಾಡಲ್ಲ. ಮೃದಂಗದ ಎಡಗಡೆ ಗುಂಕಿನೂ ಇಲ್ಲೇ ಬರುತ್ತೆ. ಅದಕ್ಕೆ ಗಾಳಿ ತಳ್ಳೋ ದೊಡ್ಡ ಕೋನೇ, ಅಂದ್ರೆ ಸ್ಪೀಕರಿನ ಅದುರೋ ತಟ್ಟೆನೇ, ಬೇಕು.

ಆರು, ಗೊತ್ತಿಲ್ದೇ ಇರೋದು. ಮಿದುಳು ತುಂಬೋದು ತನಗೆ ಗೊತ್ತಿರೋದ್ರಿಂದ. ನೂರು ಸಲ ಕೇಳಿದ ಹಳೇ ಸಿನಿಮಾ ಹಾಡು ಎಂಥಾ ಡಬ್ಬದಲ್ಲೂ ಚೆನ್ನಾಗೇ ಇರುತ್ತೆ. ಮೊದಲ ಸಲ ಕೇಳ್ತಿರೋ ಹೊಸಹಳ್ಳಿ ಕಡೆಯ ಗಮಕ ವಾಚನ, ಅದರಲ್ಲೂ ಕುಮಾರವ್ಯಾಸನ ಪದಗಳು, ಕೆಟ್ಟ ಸ್ಪೀಕರಲ್ಲಿ ಅರ್ಥಾನೇ ಆಗಲ್ಲ. ಸಂಗೀತ ಕಲೀತಿರೋ ಮಕ್ಕಳಿಗೂ ಇದೇ, ಸ್ವರದ ಗಮಕ ಹೆಂಗೆ ಜಾರಿತು ಅನ್ನೋದು ಅವರ ತಲೇಲಿ ಇನ್ನೂ ಕೂತಿರಲ್ಲ, ಹಂಗಾಗಿ ಮನೇಲಿ ಒಳ್ಳೆ ಸ್ಪೀಕರ್ ಯಾರಿಗೆ ಅಂದ್ರೆ ಮೊದ್ಲು ಅವ್ರಿಗೆ. ವಯಸ್ಸಾದೋರಿಗೆ ಮೇಲಿನ ಫ್ರೀಕ್ವೆನ್ಸಿ ಕೇಳೋದು ಕಮ್ಮಿ ಆಗಿರುತ್ತೆ, ಸ, ಶ, ತ, ಕ ಎಲ್ಲ ಕಲಸಿ ಹೋಗುತ್ತೆ. ಅಜ್ಜಿಗೆ ಕೇಳಲ್ಲ ಅಂತ ವಾಲ್ಯೂಮ್ ಏರಿಸೋದಕ್ಕಿಂತ ಸಣ್ಣ ಸ್ಪೀಕರನ್ನ ಅವರ ಕುರ್ಚಿ ಪಕ್ಕಕ್ಕೇ ತಂದಿಡೋದು ಮೇಲು.

ಈ ಆರರ ಜೊತೆಗೆ ನಮ್ಮ ಕಡೆಗೆ ಅಂತಾನೇ ಇನ್ನೆರಡು ಸೇರಿಸ್ಕೊಳ್ಳಿ: ಕರೆಂಟು ಮತ್ತೆ ಶೀತ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ರೆ ಕರೆಂಟು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಶೀತಕ್ಕೆ ಕೋನಿನ ಸುತ್ತ ಇರೋ ಫೋಮಿನ ರಿಂಗು ಪುಡಿಯಾಗುತ್ತೆ, ರಬ್ಬರ್ ಆದ್ರೆ ಬಾಳುತ್ತೆ. ಕನೆಕ್ಟರ್‌ಗಳಿಗೆ ಕಿಲುಬು, ಡಬ್ಬಕ್ಕೆ ಬೂಷ್ಟು. ಆಗುಂಬೆ, ಹೊಸನಗರ ಕಡೆಯೋರಿಗೆ ಇದನ್ನ ನಾನು ಹೇಳ್ಬೇಕಾಗಿಲ್ಲ.

ಫೋನ್ ಒಂದೇ ಸಾಕಾ?

ಒಬ್ರೇ, ಹತ್ರದಿಂದ, ಮಾತು ಮತ್ತೆ ಗೊತ್ತಿರೋ ಹಾಡಿಗೆ ಸಾಕು. ನಿಜವಾಗ್ಲೂ ಸಾಕು. ಸ್ವರ ತುಂಬಿಕೊಳ್ಳೋ ಕೆಲ್ಸ ಮಿದುಳಿಂದು. ವಾಲ್ಯೂಮ್ ಪೂರ್ತಿ ಏರಿಸಿದ್ರೆ ಮಾತ್ರ ಒಡೆಯೋ ಸದ್ದು ಬರುತ್ತೆ, ಮುಕ್ಕಾಲಿಗೆ ನಿಲ್ಸಿ. ಅಡಿಕೆ ಸುಲಿಯೋವಾಗ ಫೋನನ್ನ ಸ್ಟೀಲ್ ಪಾತ್ರೆ ಒಳಗೆ ಇಡೋ ಅಭ್ಯಾಸ ಇದೆಯಲ್ಲ, ಸದ್ದು ಜೋರಾಗೋದು ಹೌದು, ಆದ್ರೆ ಪಾತ್ರೆ ತನ್ನದೇ ಒಂದೆರಡು ಸ್ವರ ಎತ್ತಿ ಹಿಡಿಯುತ್ತೆ, ಒಂದೇ ಸ್ವರ ಗುಂಯ್ ಅನ್ನೋದು ಅಂತ ಮೇಲೆ ಅಂದ್ನಲ್ಲ ಅದೇ ತಪ್ಪು. ಎರಡು ಗೋಡೆ ಸೇರೋ ಮೂಲೇಲಿ ಮಣೆ ಮೇಲಿಟ್ರೂ ಸ್ವಲ್ಪ ಜೋರಾಗುತ್ತೆ, ಕಿರಿಕಿರಿ ಕಮ್ಮಿ.

ಬ್ಲೂಟೂತ್ ಸ್ಪೀಕರ್

ಎರಡು ಸಾವಿರದಿಂದ ಎಂಟ್ಹತ್ತು ಸಾವಿರದವರೆಗೆ. ಹೆಚ್ಚಿನ ಮಲೆನಾಡಿನ ಮನೆಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ, ಮುಖ್ಯವಾಗಿ ಬ್ಯಾಟರಿ ಇರೋದ್ರಿಂದ. ಕರೆಂಟು ಹೋದ್ರೂ ಹಾಡು ನಿಲ್ಲಲ್ಲ, ಅಡುಗೆ ಮನೆಗೂ ಕೊಟ್ಟಿಗೆಗೂ ತಗೊಂಡು ಹೋಗ್ಬಹುದು, ನೀರು ಬಿದ್ರೆ ಹಾಳಾಗದೇ ಇರೋವೂ ಸಿಗ್ತವೆ. ಐಪಿಎಕ್ಸ್7 ಅಂತಿದ್ರೆ ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಇಟ್ರೂ ತಡೆಯುತ್ತೆ ಅಂತ ಅರ್ಥ, ಜಗಲಿ ಇರಚಲಿಗೆ ಧಾರಾಳ.

ಇದರ ಗುಟ್ಟು ಇರೋದು ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಲ್ಲಿ. ವಾಲ್ಯೂಮ್ ಏರಿಸ್ತಾ ಹೋದ್ರೆ ಕೋನ್ ಹರಿಯದ ಹಾಗೆ ಚಿಪ್ಪು ಬಾಸನ್ನ ಮೆಲ್ಲಗೆ ಕಡಿಮೆ ಮಾಡುತ್ತೆ. ಅಂಗಡೀಲಿ ಮೆಲ್ಲಗೆ ಕೇಳಿದಾಗ ಭರ್ತಿ ಬಾಸು, ಮನೇಲಿ ಮಳೆ ಗದ್ದಲದಲ್ಲಿ ಜೋರು ಮಾಡಿದ್ರೆ ಬಾಸು ಮಾಯ, ಅಂಗಡಿಯವನು ಬೇರೆ ಪೀಸ್ ಕೊಟ್ಟ ಅಂತ ಬೈಬೇಡಿ. ಇದು ಮಿದುಳು ಸಹಿಸೋ ತಪ್ಪು, ಯಾಕಂದ್ರೆ ಒಡೆಯಲ್ಲ, ಕಮ್ಮಿ ಆಗುತ್ತಷ್ಟೆ. ಚಂಡೆ ಮಾತ್ರ ಇದರಲ್ಲಿ ಸೋಲುತ್ತೆ, ಯಕ್ಷಗಾನದ ಏರುಪದಕ್ಕೆ ಚಂಡೆ ಸಿಡಿಯೋವಾಗ ಚಿಪ್ಪು ಹೆದರಿ ಎಲ್ಲಾದನ್ನೂ ಅದುಮುತ್ತೆ, ಭಾಗವತರ ದನಿನೂ ಜೊತೆಗೆ ಹಿಂದೆ ಸರಿಯುತ್ತೆ. ಯಕ್ಷಗಾನ ಜಾಸ್ತಿ ಕೇಳೋರು ಅಂಗಡೀಲಿ ಅದನ್ನೇ ಹಾಕಿ ನೋಡಿ.

ಒಂದೇ ಡಬ್ಬದೊಳಗೆ ಎರಡು ಕೋನಿಟ್ಟು ಸ್ಟೀರಿಯೋ ಅಂದ್ರೆ ನಂಬಬೇಡಿ, ಅಷ್ಟು ಹತ್ರ ಇದ್ರೆ ಬ್ಲಮ್‌ಲೈನ್ ಆಟ ನಡೆಯಲ್ಲ. ಒಂದೇ ಮಾಡೆಲಿನ ಎರಡು ತಗೊಂಡು ಜೋಡ್ಸೋದು ಕೆಲವದರಲ್ಲಿ ಆಗುತ್ತೆ, ಆರಡಿ ದೂರ ಇಟ್ರೆ ಎಂಟು ಸಾವಿರಕ್ಕೆ ಅಚ್ಚರಿ ಆಗೋಷ್ಟು ಚೆನ್ನಾಗಿರುತ್ತೆ. ಬ್ಲೂಟೂತ್‌ನ ಸದ್ದು ತಡವಾಗಿ ಬರೋದು ಹಾಡಿಗೆ ತೊಂದ್ರೆ ಇಲ್ಲ, ಸಿನಿಮಾಕ್ಕೂ ಸದ್ದು ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ರೂ ಗೊತ್ತಾಗಲ್ಲ, ಮುಂದೆ ಬಂದ್ರೆ ಮಾತ್ರ 45ಕ್ಕೇ ಗೊತ್ತಾಗುತ್ತೆ. ದೂರದಿಂದ ಬರೋ ಸದ್ದು ತಡವಾಗಿ ಬರೋದು ಲೋಕದಲ್ಲಿ ಮಾಮೂಲು ಅಂತ ಮಿದುಳಿಗೆ ಗೊತ್ತು. ಕೀಬೋರ್ಡ್ ನುಡಿಸೋರು ಮಾತ್ರ ವೈರೇ ಹಾಕ್ಕೊಳ್ಳಿ.

ಮತ್ತೊಂದು, ಹಾಡುಗಳನ್ನ ಫೋನಿಗೆ ಡೌನ್‌ಲೋಡ್ ಮಾಡಿಟ್ಕೊಳ್ಳಿ. ತೀರ್ಥಹಳ್ಳಿಯಿಂದ ಆಚೆ ಹೋದ್ರೆ ಎಷ್ಟೋ ಮನೇಲಿ ನೆಟ್‌ವರ್ಕ್ ಅಂಗಳದ ಒಂದು ಮೂಲೇಲಿ ಮಾತ್ರ. ಖರ್ಚಿಲ್ದೆ ಆಗೋ ಅತಿ ದೊಡ್ಡ ಸುಧಾರಣೆ ಇದೇ.

ಇಯರ್‌ಫೋನು, ಹೆಡ್‌ಫೋನು

ದುಡ್ಡಿಗೆ ತಕ್ಕ ಸದ್ದು ಅಂತ ಲೆಕ್ಕ ಹಾಕಿದ್ರೆ ಇದನ್ನ ಹೊಡೆಯೋದು ಯಾವ್ದೂ ಇಲ್ಲ. ಒಂದು ಸಾವಿರದ ವೈರ್ ಇಯರ್‌ಫೋನಿಗೂ ಕಿವಿಯೊಳಗೆ ಸರಿಯಾಗಿ ಕೂತ್ರೆ 65 ಹರ್ಟ್ಜ್ ಸಲೀಸು, ರೂಮಿನ ಗುಂಯ್ ಇಲ್ಲ, ಕರೆಂಟಿನ ಗೊಡವೆ ಇಲ್ಲ. ಕಲಿಯೋ ಮಕ್ಕಳಿಗೆ, ಹಾಸ್ಟೆಲ್ ಹುಡುಗ್ರಿಗೆ ಮೊದಲ ಆಯ್ಕೆ.

ಕೊರತೆ ಅಂದ್ರೆ, ಹಾಡು ತಲೆಯೊಳಗೆ ಕೂತ ಹಾಗೆ ಕೇಳ್ಸುತ್ತೆ. ಮಿದುಳು ಸದ್ದಿನ ದಿಕ್ಕು ಹುಡುಕೋದು ಎರಡೂ ಕಿವಿಗೆ ಬರೋ ವ್ಯತ್ಯಾಸ, ಕಿವಿಯ ಹೊರ ಆಕಾರ, ತಲೆ ತಿರುಗಿಸಿದಾಗ ಆಗೋ ಬದಲಾವಣೆ ಇದನ್ನೆಲ್ಲ ನೋಡಿ. ಇಯರ್‌ಫೋನಲ್ಲಿ ತಲೆ ತಿರುಗಿಸಿದ್ರೆ ಗಾಯಕರೂ ಜೊತೇಲೇ ತಿರುಗ್ತಾರೆ, ಮಿದುಳಿಗೆ ಬೇರೆ ದಾರಿ ಕಾಣದೆ ತಲೆಯೊಳಗೇ ಇಡುತ್ತೆ. ಕೆಲವರಿಗೆ ಇದು ಏನೂ ಅನ್ಸಲ್ಲ, ಕೆಲವರಿಗೆ ಸುಸ್ತು.

ಹೊರಗಿನ ಗದ್ದಲ ಅಳಿಸೋ ನಾಯ್ಸ್ ಕ್ಯಾನ್ಸಲಿಂಗ್‌ಗೆ ಜಾಸ್ತಿ ದುಡ್ಡು ಕೊಡ್ಲಾ ಅಂತ ಬಹಳ ಜನ ಕೇಳ್ತಾರೆ. ವಾರಕ್ಕೊಮ್ಮೆ ಬೆಂಗಳೂರು ಬಸ್ಸಲ್ಲಿ ಓಡಾಡೋರು ಕೊಡಿ, ಇಂಜಿನ್ ಥರ ಒಂದೇ ಸಮ ಇರೋ ತಗ್ಗಿನ ಸದ್ದನ್ನ ಅದು ಚೆನ್ನಾಗಿ ಅಳಿಸುತ್ತೆ. ಹೆಂಚಿನ ಮೇಲಿನ ಮಳೆಗೆ ಅಂತಾದ್ರೆ ಬೇಡ. ಮಳೆ ಸದ್ದು ಮೇಲಿನ ಫ್ರೀಕ್ವೆನ್ಸಿವರೆಗೂ ಹರಡಿರುತ್ತೆ, ಅಲ್ಲಿ ಆ ವಿದ್ಯೆ ಅಷ್ಟಾಗಿ ನಡೆಯಲ್ಲ, ತಡೆಯೋದು ಕಿವಿಗೆ ಬಿಗಿಯಾಗಿ ಕೂರೋ ಸಿಲಿಕೋನ್ ಬಿರಡೆ. ಡಬ್ಬದಲ್ಲಿ ಮೂರು ಸೈಜ್ ಕೊಟ್ಟಿರ್ತಾರಲ್ಲ, ಮೂರನ್ನೂ ಹಾಕಿ ನೋಡಿ.

ಹುಷಾರಿರ್ಬೇಕಾಗಿರೋದು ವಾಲ್ಯೂಮ್. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ದೊಡ್ಡೋರಿಗೆ 80 ಡೆಸಿಬೆಲ್ ಆದ್ರೆ ವಾರಕ್ಕೆ 40 ಗಂಟೆ, ಅಲ್ಲಿಂದ ಮೂರು ಡೆಸಿಬೆಲ್ ಏರಿದ್ರೆ ಹೊತ್ತು ಅರ್ಧ. ಮಳೆ ಜೋರಾದಾಗೆಲ್ಲ ಒಂದೊಂದು ಗೆರೆ ಏರಿಸ್ತೀವಿ, ನಿಂತ್ಮೇಲೆ ಇಳಿಸೋದು ಮರೀತೀವಿ.

ಸೌಂಡ್‌ಬಾರು, ಹೋಮ್ ಥಿಯೇಟರು

ಟೀವಿ ಜಾಸ್ತಿ ನೋಡೋ ಮನೆಗೆ ಸರಿ, ಮಾತು ಸ್ಪಷ್ಟ ಆಗುತ್ತೆ. ಹಾಡಿಗೆ ಅಂತಾನೇ ಆದ್ರೆ ನಾನು ಬೇಡ ಅಂತೀನಿ. ಐದಾರು ಸಾವಿರದ ಸೆಟ್ಟುಗಳಲ್ಲಿ ಸಬ್‌ವೂಫರ್ ಅಂದ್ರೆ ಒಂದೇ ಸ್ವರ ಬಡಿಯೋ ಡಬ್ಬ, ಅದನ್ನ ಚೌಕದ ಆರ್‌ಸಿಸಿ ರೂಮಿನ ಮೂಲೇಲಿ ಇಟ್ರೆ ಮೇಲೆ ಹೇಳಿದ್ದೆಲ್ಲ ಒಟ್ಟಿಗೆ ಆಗುತ್ತೆ. ಆಗ್ಲೇ ತಗೊಂಡಿದ್ರೆ ಸಬ್‌ವೂಫರನ್ನ ಮೂಲೆಯಿಂದ ಎರಡಡಿ ಈಚೆ ಎಳೀರಿ, ಅದರ ನಾಬನ್ನ ಬಾಸು ಇದೆಯೋ ಇಲ್ವೋ ಅನ್ನೋ ಮಟ್ಟಕ್ಕೆ ಇಳಿಸಿ. ಪಕ್ಕದ ಮನೆಯೋರೂ ಖುಷಿ ಪಡ್ತಾರೆ.

ಆಂಪ್ಲಿಫೈಯರ್ ಜೊತೆ ಎರಡು ಸ್ಪೀಕರ್

ಹದಿನೈದು ಸಾವಿರದಿಂದ ಶುರು, ಮೂವತ್ತರೊಳಗೆ ಒಳ್ಳೇದೇ ಸಿಗುತ್ತೆ, ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೂ ಕಮ್ಮಿ. ಆಂಪ್ಲಿಫೈಯರ್ ಒಳಗೇ ಇರೋ ಜೋಡಿ ತಗೊಂಡ್ರೆ ವೈರಿನ ರಗಳೆ ಕಮ್ಮಿ. ಕೂತು ಕೇಳೋ ಅಭ್ಯಾಸ ಇದ್ರೆ ಮಾತ್ರ ಇದು. ಓಡಾಡ್ತಾ ಕೆಲ್ಸ ಮಾಡ್ತಾ ಕೇಳೋರಿಗೆ ಇದರ ಅರ್ಧ ಗುಣ ವ್ಯರ್ಥ, ಯಾಕಂದ್ರೆ ಗಾಯಕರು ಮಧ್ಯ ಕೂರೋದು ನೀವೂ ಎರಡು ಸ್ಪೀಕರಿಂದ ಸಮ ದೂರದಲ್ಲಿ ಕೂತಾಗ.

ಕೊಡೋ ದುಡ್ಡಿಗೆ ಸಿಗೋದೇನು ಅಂದ್ರೆ, ಚಂಡೆ ಸಿಡಿದಾಗ ಅದುಮಲ್ಲ, ಭಾಗವತರು ಅವರ ಜಾಗದಲ್ಲೇ ಇರ್ತಾರೆ, ಮೃದಂಗದ ಗುಂಕಿಗೆ ತೂಕ ಬರುತ್ತೆ, ಎರಡು ಗಂಟೆ ಕೇಳಿದ್ರೂ ತಲೆ ಭಾರ ಆಗಲ್ಲ. ಕೆನಡಾದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿದ್ದ ಫ್ಲಾಯ್ಡ್ ಟೂಲ್ ಅನ್ನೋರು ವರ್ಷಗಟ್ಲೆ ಪರದೆ ಹಿಂದೆ ಸ್ಪೀಕರ್ ಇಟ್ಟು ಜನಕ್ಕೆ ಕೇಳ್ಸಿ ನೋಡಿದ್ರು. ಹೆಸರು, ಬೆಲೆ, ಅಂದ ಕಾಣದೇ ಇದ್ದಾಗ ಜನ ಹೆಚ್ಚಾಗಿ ಇಷ್ಟಪಟ್ಟಿದ್ದು ಯಾವ ಸ್ವರಾನೂ ಎತ್ತದೆ ಇಳಿಸದೆ ಸಮನಾಗಿ ಕೊಡೋ ಸ್ಪೀಕರನ್ನೇ. ಇನ್ನೊಂದು ಅವರು ಕಂಡಿದ್ದು, ಒಂದೇ ಸ್ಪೀಕರ್ ಇಟ್ಟು ಕೇಳ್ಸಿದ್ರೆ ದೋಷ ಬೇಗ ಗೊತ್ತಾಗುತ್ತೆ, ಎರಡಿದ್ರೆ ಸ್ಟೀರಿಯೋದ ಸೊಗಸಲ್ಲಿ ಮುಚ್ಚಿ ಹೋಗುತ್ತೆ. ಇದನ್ನ ನೆನಪಿಟ್ಕೊಳ್ಳಿ, ಅಂಗಡೀಲಿ ಬೇಕಾಗುತ್ತೆ.

ತೊಂದ್ರೆನೂ ಇದೆ. ಕರೆಂಟು ಬೇಕು. ಮನೇಲಿರೋದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಆಂಪ್ಲಿಫೈಯರಿಂದ ಜುಂಯ್ ಅಂತ ಬರ್ಬಹುದು, ಸೈನ್ ವೇವ್ ಆದ್ರೆ ಸರಿ. ಕೋನಿನ ಸುತ್ತ ರಬ್ಬರ್ ಇರೋದೇ ನೋಡಿ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತು ಆನ್ ಇಟ್ರೆ ಬಿಸಿಗೆ ಆಂಪ್ಲಿಫೈಯರ್ ಒಳಗೆ ಶೀತ ಕೂರಲ್ಲ. ಸಾವಿರಾರು ರೂಪಾಯಿ ಕೇಬಲ್ ತೋರಿಸಿದ್ರೆ ನಕ್ಕು ಮುಂದೆ ಹೋಗಿ, ಎಲೆಕ್ಟ್ರಿಕಲ್ ಅಂಗಡಿಯ ದಪ್ಪ ತಾಮ್ರದ ವೈರು ಸಾಕು.

ಹಳೇ ಟೇಪು, ರೆಕಾರ್ಡ್ ಪ್ಲೇಯರು

ಅಟ್ಟದ ಮೇಲೆ ಇದ್ರೆ ಕೆಳಗಿಳಿಸಿ, ಬೆಲ್ಟ್ ಬದಲಾಯ್ಸಿ, ಮನೆಯೋರ ಹಳೇ ದನಿ ಇರೋ ಕ್ಯಾಸೆಟ್ಟನ್ನ ಮೊದ್ಲು ಕಂಪ್ಯೂಟರಿಗೆ ಹಾಕ್ಕೊಳ್ಳಿ. ಹೊಸದಾಗಿ ಹಾಡು ಕೇಳಕ್ಕೆ ಅಂತ ಕೊಂಡ್ಕೊಳ್ಳೋದು ಶೋಕಿ, ಶೋಕಿ ತಪ್ಪೇನಲ್ಲ, ಆದ್ರೆ ಸ್ವರ ನಡುಗೋ ತಪ್ಪನ್ನ ದುಡ್ಡು ಕೊಟ್ಟು ತಂದ ಹಾಗೆ ಆಗ್ಬಾರ್ದು.

ಹಂಗಾದ್ರೆ ಯಾರಿಗೆ ಯಾವ್ದು

ಎರಡು ಸಾವಿರ ಇದ್ರೆ, ಕೇಳೋದು ಒಬ್ರೇ ಆದ್ರೆ, ವೈರ್ ಇಯರ್‌ಫೋನ್. ಅದೇ ದುಡ್ಡಲ್ಲಿ ಮನೆಮಂದಿಗೆಲ್ಲ ಬೇಕು ಅಂದ್ರೆ ಸಣ್ಣ ಬ್ಲೂಟೂತು, ಆದ್ರೆ ಬಾಸಿನ ಆಸೆ ಬಿಟ್ಬಿಡಿ. ಐದಾರು ಸಾವಿರಕ್ಕೆ ನೀರಿಗೆ ಹೆದರದ, ಸ್ವಲ್ಪ ದೊಡ್ಡ ಬ್ಲೂಟೂತು, ಹೆಂಚಿನ ಮನೆಯೋರು ಕಣ್ಣು ಮುಚ್ಚಿ ಇದಕ್ಕೆ ಹೋಗ್ಬಹುದು. ಹತ್ತು ಸಾವಿರದ ಸುತ್ತ ಇದ್ದು ಮನೆ ಆರ್‌ಸಿಸಿ ಆದ್ರೆ ಸಬ್‌ವೂಫರ್ ಸೆಟ್ಟಿನ ಬದ್ಲು ಜೋಡಿಸೋಕಾಗೋ ಎರಡು ಬ್ಲೂಟೂತು, ಇಲ್ಲಾಂದ್ರೆ ಕಂಪ್ಯೂಟರ್ ಪಕ್ಕ ಇಡೋ ಒಳ್ಳೆ ಜೋಡಿ ಸ್ಪೀಕರ್. ಮನೇಲಿ ಸಂಗೀತ ಕಲಿಯೋರಿದ್ರೆ, ಇಲ್ಲ ಯಕ್ಷಗಾನದ ಹುಚ್ಚಿದ್ರೆ, ಸಣ್ಣಪುಟ್ಟದಕ್ಕೆ ಖರ್ಚು ಮಾಡ್ದೆ ಕೂಡಿಟ್ಟು ಆಂಪ್ಲಿಫೈಯರ್ ಜೋಡಿಗೇ ಹೋಗಿ. ಅಜ್ಜ ಅಜ್ಜಿಗೆ ಪ್ರತ್ಯೇಕ ಸಣ್ಣದೊಂದು, ಬಟನ್ ದೊಡ್ಡದಿರೋದು, ರೇಡಿಯೋನೂ ಇರೋದು.

ಅಂಗಡೀಲಿ ಕೇಳೋವಾಗ

ನಿಮಗೆ ಬಾಯಿಪಾಠ ಇರೋ ಹಾಡು ಒಂದು, ಯಾವತ್ತೂ ಕೇಳದೇ ಇರೋದು ಒಂದು, ಎರಡೂ ಫೋನಲ್ಲಿ ಇಟ್ಕೊಂಡು ಹೋಗಿ. ಗೊತ್ತಿರೋದ್ರಲ್ಲಿ ಬಾಸು ಗುಂಯ್ ಅಂತಿದೆಯಾ ನೋಡಿ, ಗೊತ್ತಿಲ್ದೇ ಇರೋದ್ರಲ್ಲಿ ಪದ ಅರ್ಥ ಆಗ್ತಿದೆಯಾ ನೋಡಿ. ಜೋಡಿ ಸ್ಪೀಕರ್ ಆದ್ರೆ ಒಂದನ್ನ ಆಫ್ ಮಾಡ್ಸಿ ಒಂದರಲ್ಲೇ ಕೇಳಿ. ಎರಡು ಮಾಡೆಲ್ ಹೋಲ್ಸೋವಾಗ ವಾಲ್ಯೂಮ್ ಸಮ ಇರ್ಬೇಕು, ಒಂದು ಡೆಸಿಬೆಲ್ ಜೋರಿದ್ರೂ ಅದೇ ಚೆನ್ನಾಗಿದೆ ಅನ್ಸುತ್ತೆ, ಮಾರೋರಿಗೆ ಇದು ಗೊತ್ತು. ಮೆಲ್ಲಗೆ ಕೇಳಿದ್ರೆ ಬಾಸು ಕಮ್ಮಿ ಅನ್ಸೋದು ಸ್ಪೀಕರ್ ತಪ್ಪಲ್ಲ, ಕಿವಿನೇ ಹಂಗೆ, 1933ರಲ್ಲೇ ಫ್ಲೆಚರ್, ಮನ್ಸನ್ ಇಬ್ರೂ ಅಳೆದು ತೋರಿಸಿದ್ದು, ಹಂಗಾಗಿ ನೀವು ಮನೇಲಿ ಎಷ್ಟು ಜೋರಲ್ಲಿ ಕೇಳ್ತೀರೋ ಅಷ್ಟರಲ್ಲೇ ಕೇಳಿ. ಆಮೇಲೆ ಒಂದು ಸಲ ಪೂರ್ತಿ ಏರಿಸಿ, ಒಡೆಯುತ್ತಾ ಇಲ್ಲ ಮೆತ್ತಗೆ ಅದುಮ್ಕೊಳ್ಳುತ್ತಾ ಅಂತ ನೋಡಿ. ಒಡೆದ್ರೆ ಬಿಟ್ಟು ಬನ್ನಿ, ಬಿಲ್ಲು ಹಾಕಿಸೋ ಮುಂಚೆ ಬ್ಯಾಟರಿ ಬದಲಾಯಿಸಕ್ಕಾಗುತ್ತಾ, ಸರ್ವಿಸ್ ಶಿವಮೊಗ್ಗದಲ್ಲೇ ಸಿಗುತ್ತಾ ಇಲ್ಲ ಬೆಂಗಳೂರಿಗೆ ಕಳಿಸ್ಬೇಕಾ ಅಂತಾನೂ ಕೇಳ್ಕೊಳ್ಳಿ.